ಹಲಗೆ ಅಗ್ಗ, ತೊಲೆ ದುಬಾರಿ

“ಅಜ್ಜಾ, ಇದು ರಿಯಲ್ಲಾ, ಫೇಕಾ?”

ಕೇಳಿದವನು ನನ್ನ ಅಣ್ಣನ ಮಗಳ ಮಗ, ಒಂಬತ್ತು ವರ್ಷದ ಪೋರ. ಕೇಳಿದ್ದು 2023ರ ಜೂನ್ ತಿಂಗಳಲ್ಲಿ, ಅಮೆರಿಕದ ಅಯೋವಾ ರಾಜ್ಯದ ಮ್ಯಾಡಿಸನ್ ಕೌಂಟಿಯ ಸೀಡರ್ ಸೇತುವೆಯ ಮೇಲೆ ನಿಂತು. ಕೆಂಪು ಬಣ್ಣ ಬಳಿದ ಮರದ ಸೇತುವೆ ಅದು. ಮೇಲೆ ಮಾಡು, ಎರಡೂ ಬದಿಗೆ ಹಲಗೆಯ ಗೋಡೆ. ದೂರದಿಂದ ನೋಡಿದರೆ ಯಾರೋ ಕೊಟ್ಟಿಗೆಯೊಂದನ್ನು ಎತ್ತಿ ತಂದು ಹೊಳೆಗೆ ಅಡ್ಡ ಇಟ್ಟ ಹಾಗೆ ಕಾಣುತ್ತದೆ. ಅವನ ಅಮ್ಮ ಕಾರಿನಲ್ಲಿ ಬರುವಾಗ “1883ರ ಸೇತುವೆ” ಅಂತ ಹೇಳಿದ್ದಳು. ಒಳಗೆ ನೋಡಿದರೆ ಮರ ಇನ್ನೂ ಹೊಸದು. ಹುಡುಗನಿಗೆ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಾಗೆ ನೋಡಿದರೆ ಮುಂಬಯಿಗೆ ವಾಪಸು ಬಂದು ಇಷ್ಟು ದಿನವಾದರೂ ಪೂರ್ತಿ ಹೊಳೆದಿಲ್ಲ. ಅಲ್ಲಿ ಇಲ್ಲಿ ಓದಿದ್ದು, ಕಣ್ಣಾರೆ ಕಂಡದ್ದು, ಜೊತೆಗೆ ನಮ್ಮ ಊರಿನ ಮನೆಯ ಕತೆ.. ಎಲ್ಲ ಸೇರಿ ತಲೆಯಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ಇಲ್ಲಿ ಬರೆದು ಹಗುರಾಗೋಣ ಅಂತ.

ಮೊದಲು ಊರಿನ ಪರಿಚಯ. ಕೌಂಟಿ ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ತಾಲೂಕು ಅಂದುಕೊಳ್ಳಿ. ಮ್ಯಾಡಿಸನ್ ಕೌಂಟಿ ಅಯೋವಾದ ರಾಜಧಾನಿ ಡೆ ಮೊಯ್ನ್‌ನ ನೈಋತ್ಯಕ್ಕಿದೆ. ಸುತ್ತ ಜೋಳ, ಸೋಯಾಬೀನ್ ಹೊಲಗಳು. 2020ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ ಸುಮಾರು ಹದಿನಾರೂವರೆ ಸಾವಿರ. ಮುಂಬಯಿಯಲ್ಲಿ ಅಷ್ಟು ಜನ ಬೆಳಗಿನ ನಾಲ್ಕೈದು ಲೋಕಲ್ ಗಾಡಿಗಳಲ್ಲಿ ಮುಗಿದುಹೋಗುತ್ತಾರೆ! ವಿಂಟರ್‌ಸೆಟ್ ಎನ್ನುವ ಸಣ್ಣ ಪೇಟೆ ಅದರ ಮುಖ್ಯ ಊರು. ನಡುವೆ ಚೌಕ, ಚೌಕದ ನಡುವೆ 1870ರ ದಶಕದಲ್ಲಿ ಸ್ಥಳೀಯ ಸುಣ್ಣಕಲ್ಲಿನಿಂದ ಕಟ್ಟಿದ, ಗುಮ್ಮಟವಿರುವ ಕೋರ್ಟ್‌ಹೌಸು. ಸಿನಿಮಾ ನಟ ಜಾನ್ ವೇನ್ 1907ರಲ್ಲಿ ಹುಟ್ಟಿದ್ದು ಇದೇ ಪೇಟೆಯ ಒಂದು ಪುಟ್ಟ ಮನೆಯಲ್ಲಿ.

ಆದರೆ ಜಗತ್ತಿಗೆ ಈ ಕೌಂಟಿಯ ಹೆಸರು ಗೊತ್ತಾದದ್ದು ಸೇತುವೆಗಳಿಂದ. ರಾಬರ್ಟ್ ಜೇಮ್ಸ್ ವಾಲರ್ 1992ರಲ್ಲಿ ‘ದಿ ಬ್ರಿಡ್ಜಸ್ ಆಫ್ ಮ್ಯಾಡಿಸನ್ ಕೌಂಟಿ’ ಅನ್ನುವ ಕಾದಂಬರಿ ಬರೆದ. 1995ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಸಿನಿಮಾ ಮಾಡಿ, ಮೆರಿಲ್ ಸ್ಟ್ರೀಪ್ ಜೊತೆ ತಾನೇ ನಟಿಸಿದ. ನಾನೂ ಆ ಸಿನಿಮಾ ನೋಡಿದ್ದೆ. ಸೇತುವೆ ನೆನಪಿರಲಿಲ್ಲ, ಮೆರಿಲ್ ಸ್ಟ್ರೀಪ್ ಮಾತ್ರ ನೆನಪಿದ್ದಳು. ಇರಲಿ ಬಿಡಿ.

ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಇಂಥ ಮಾಡಿನ ಸೇತುವೆಗಳು 19 ಇದ್ದವು. ಸಾಮಾನ್ಯವಾಗಿ ಹತ್ತಿರದಲ್ಲಿ ಯಾರ ಮನೆಯಿತ್ತೋ ಅವರ ಹೆಸರೇ ಸೇತುವೆಗೂ. ಈಗ ಉಳಿದಿರುವುದು ಆರು. ಅವುಗಳಲ್ಲಿ ರೋಸ್‌ಮನ್, ಹಾಗ್‌ಬ್ಯಾಕ್, ಹಾಲಿವೆಲ್ ಈ ಮೂರು ಮಾತ್ರ ಕಟ್ಟಿದ ಜಾಗದಲ್ಲೇ ನಿಂತಿವೆ. 1870ರ ಕಟ್ಲರ್-ಡೊನಹೋ ಸೇತುವೆಯನ್ನು 1970ರಲ್ಲಿ ವಿಂಟರ್‌ಸೆಟ್‌ನ ಪಾರ್ಕಿಗೆ ತಂದಿಟ್ಟರು. ಅದೇ ವರ್ಷ ಕಟ್ಟಿದ ಐಮ್ಸ್ ಸೇತುವೆಯನ್ನು 1977ರಲ್ಲಿ ಸೇಂಟ್ ಚಾರ್ಲ್ಸ್ ಎಂಬ ಊರಿಗೆ ಸಾಗಿಸಿದರು. ಸೀಡರ್ ಸೇತುವೆ 1921ರಲ್ಲಿ ಜಾಗ ಬದಲಿಸಿತು.

ಸೇತುವೆಗೆ ಮಾಡು ಯಾಕೆ? ನಾನು ಮೊದಲು ಯೋಚಿಸಿದ್ದು ಹಿಮ ಬೀಳದಿರಲಿ ಅಂತಲೋ, ಮಳೆ ಬಂದರೆ ಜನ ನಿಲ್ಲಲಿ ಅಂತಲೋ ಇರಬೇಕು ಎಂದು. ಎರಡೂ ಅಲ್ಲ. ಕಾರಣ ಶುದ್ಧ ಲೆಕ್ಕಾಚಾರ. ಸೇತುವೆಯ ತಳದಲ್ಲಿ ಭಾರ ಹೊರುವ ದೊಡ್ಡ ದೊಡ್ಡ ತೊಲೆಗಳಿರುತ್ತವೆ. ಮಳೆಗೆ ನೆನೆದು ಬಿಸಿಲಿಗೆ ಒಣಗಿ ಅವು ಕೊಳೆತರೆ ಬದಲಿಸುವುದು ಬಲು ದುಬಾರಿ. ಅದರ ಬದಲು ಮೇಲೆ ಮತ್ತು ಬದಿಗಳಿಗೆ ಅಗ್ಗದ ಹಲಗೆ ಹೊಡೆದು, ಹಾಳಾದಾಗ ಆ ಹಲಗೆಯನ್ನೇ ಬದಲಿಸುತ್ತಾ ಹೋದರೆ ತೊಲೆ ಬಾಳುತ್ತದೆ. ಅದಕ್ಕೇ ಕೌಂಟಿಯ ಆಡಳಿತ ಮಂಡಳಿ ಸೇತುವೆಗಳಿಗೆ ಹೊದಿಕೆ ಹಾಕಿಸಿತು. ಪರಂಪರೆ, ಸೌಂದರ್ಯ, ಕಾದಂಬರಿ, ಪ್ರೇಮ ಎಲ್ಲ ಆಮೇಲೆ ಬಂದದ್ದು!

ಈ ಲೆಕ್ಕ ಅಣ್ಣನ ಮಗಳು ಹೇಳಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ರಕ್ಷಣೆಯ ವಿಷಯ. ಈ ಸೇತುವೆಗಳು 1976ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಸೇರಿದವು. ಕೋರ್ಟ್‌ಹೌಸೂ ಅದೇ ವರ್ಷ ಸೇರಿತು. 1987ರಲ್ಲಿ ಕೌಂಟಿಯ ಹಳೆಯ ಸುಣ್ಣಕಲ್ಲಿನ ಮನೆಗಳು ಒಟ್ಟೊಟ್ಟಿಗೆ ಪಟ್ಟಿಗೆ ಬಂದವು. ಇಲ್ಲಿಗೆ ಮೊದಮೊದಲು ಬಂದು ನೆಲೆಸಿದ ರೈತರು ಪಕ್ಕದ ಗಣಿಯ ಕಲ್ಲಿನಲ್ಲೇ ಕಟ್ಟಿಕೊಂಡ ಮನೆಗಳವು. ನಮ್ಮ ಕಡೆ ಮುರಕಲ್ಲು ಹೇಗೋ ಅಲ್ಲಿ ಸುಣ್ಣಕಲ್ಲು ಹಾಗೆ. ಇಷ್ಟು ಸಣ್ಣ ಜಾಗದಲ್ಲಿ ಪಟ್ಟಿಗೆ ಸೇರಿದ ಕಟ್ಟಡಗಳು ಡಜನ್‌ಗಟ್ಟಲೆ. ಇದನ್ನು ಕೇಳಿದ ಕೂಡಲೇ ನನ್ನ ಬಾಯಲ್ಲಿ ಬಂದ ಮಾತು, “ನೋಡು, ಅಮೆರಿಕದವರು ಹೇಗೆ ಕಾಪಾಡಿಕೊಳ್ಳುತ್ತಾರೆ! ನಮ್ಮಲ್ಲಿ ಕಾನೂನೇ ಸರಿಯಿಲ್ಲ.” ವಿದೇಶಕ್ಕೆ ಹೋದ ಭಾರತೀಯ ಹೇಳಲೇಬೇಕಾದ ಡಯಲಾಗು ಅಲ್ಲವೇ ಅದು!

ಓದಿ ನೋಡಿದರೆ ನಾನು ಅಂದುಕೊಂಡದ್ದು ಉಲ್ಟಾ.

ಆ ಪಟ್ಟಿಯ ಹಿಂದಿನ ಕಾಯ್ದೆ 1966ರದ್ದು. 1963ರಲ್ಲಿ ನ್ಯೂಯಾರ್ಕಿನ ಭವ್ಯವಾದ ಪೆನ್ಸಿಲ್ವೇನಿಯಾ ರೈಲ್ವೆ ಸ್ಟೇಷನ್ನನ್ನು ಕೆಡವಲು ಶುರುಮಾಡಿದಾಗ ಜನರಿಗೆ ಹೊಟ್ಟೆ ಉರಿದಿತ್ತು. ಅಂಥ ಅನಾಹುತಗಳ ನಂತರ ಬಂದ ಕಾಯ್ದೆ ಇದು. ಹಾಗಿದ್ದರೆ ಬಲು ಬಿಗಿಯಾಗಿರಬೇಕು ಅಂದುಕೊಳ್ಳುತ್ತೀರಿ. ಆದರೆ ಕೇಳಿ. ಪಟ್ಟಿಗೆ ಸೇರಿದ ಖಾಸಗಿ ಮನೆಯನ್ನು ಅದರ ಮಾಲೀಕ ತನ್ನ ದುಡ್ಡಿನಲ್ಲಿ ನಾಳೆಯೇ ಕೆಡವುತ್ತೇನೆ ಎಂದರೆ ಈ ಪಟ್ಟಿ ತಡೆಯುವುದಿಲ್ಲ! ಮಾಲೀಕ ಬೇಡ ಎಂದರೆ ಅವನ ಆಸ್ತಿಯನ್ನು ಪಟ್ಟಿಗೆ ಸೇರಿಸುವಂತೆಯೂ ಇಲ್ಲ. ಕೇಂದ್ರ ಸರ್ಕಾರದ ಹಣವೋ ಪರವಾನಗಿಯೋ ಇರುವ ಕೆಲಸವಾದರೆ ಮಾತ್ರ, ಆ ಕೆಲಸದಿಂದ ಐತಿಹಾಸಿಕ ಕಟ್ಟಡಕ್ಕೆ ಏನಾಗುತ್ತದೆ ಎಂದು ಮೊದಲೇ ಯೋಚಿಸಿ, ಸಂಬಂಧಪಟ್ಟವರ ಜೊತೆ ಸಮಾಲೋಚನೆ ನಡೆಸಬೇಕು. ಯೋಚಿಸಿದ ಮೇಲೂ “ಕೆಡವಲೇಬೇಕು” ಎಂದಾದರೆ ಕೆಡವಬಹುದು. ಬಾಡಿಗೆ, ವ್ಯಾಪಾರದಂಥ ಆದಾಯ ತರುವ ಕಟ್ಟಡವನ್ನು ನಿಯಮದ ಪ್ರಕಾರ ದುರಸ್ತಿ ಮಾಡಿದರೆ ಖರ್ಚಿನ ಶೇಕಡಾ 20ರಷ್ಟು ತೆರಿಗೆಯಲ್ಲಿ ಬಿಟ್ಟುಕೊಡುತ್ತಾರೆ. ಸ್ವಂತ ವಾಸದ ಮನೆಗೆ ಅದೂ ಇಲ್ಲ. ರಾಜ್ಯ, ನಗರಗಳು ತಮ್ಮದೇ ಬಿಗಿ ನಿಯಮ ಮಾಡಿಕೊಳ್ಳಬಹುದು, ಅದು ಬೇರೆ ಮಾತು. ರಾಷ್ಟ್ರೀಯ ಪಟ್ಟಿ ಅನ್ನುವುದು ಮುಖ್ಯವಾಗಿ ಒಂದು ಗೌರವ. ಸನ್ಮಾನ ಮಾಡಿ ಶಾಲು ಹೊದಿಸಿದ ಹಾಗೆ. ಶಾಲು ಮಳೆ ತಡೆಯುವುದಿಲ್ಲ.

ನಮ್ಮ ದೇಶದ್ದು ಇದಕ್ಕೆ ತದ್ವಿರುದ್ಧ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಸೇರಿ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಕಾಗದದ ಮೇಲೆ ನಮ್ಮ ಕಾನೂನು ಹುಲಿ, ಅವರದು ಬೆಕ್ಕು. ಆದರೆ ಆ ಹುಲಿ ಕಾಯುವುದು ದೇವಸ್ಥಾನ, ಕೋಟೆ, ಗೋರಿಗಳಂಥ ಮೂರುಮುಕ್ಕಾಲು ಸಾವಿರದಷ್ಟು ಸ್ಮಾರಕಗಳನ್ನು. ನಾನಿರುವ ಮುಂಬಯಿಗೆ 1995ರಲ್ಲೇ ಪಾರಂಪರಿಕ ಕಟ್ಟಡಗಳ ನಿಯಮ ಬಂತು. ಹಳ್ಳಿಯ ಸೇತುವೆ, ಶಾಲೆ, ರೈತನ ಮನೆ? ಅವುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮ್ಯಾಡಿಸನ್ ಕೌಂಟಿಯಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಕಾನೂನು ನೋಡಿ ಅಲ್ಲ. ಒಬ್ಬ ಸಾಮಾನ್ಯ ರೈತನ ಕಲ್ಲಿನ ಮನೆಯನ್ನೂ 1874ರ ಒಂದು ಕಲ್ಲಿನ ಹಳ್ಳಿಶಾಲೆಯನ್ನೂ “ಇದು ಇತಿಹಾಸ” ಎಂದು ಯಾರೋ ಕೂತು ಅಳತೆ ಮಾಡಿ, ವಿವರ ಬರೆದು ದಾಖಲಿಸಿದ್ದಾರಲ್ಲ, ಅದನ್ನು ನೋಡಿ.

ಹಾಗಾದರೆ ಆ ಆರು ಸೇತುವೆಗಳನ್ನು ಉಳಿಸಿದ್ದು ಯಾರು? ನನ್ನ ಪ್ರಕಾರ ಉತ್ತರ ಸರಳ. ಹಲಗೆ ಬದಲಿಸಿದವರು. 1992ರಲ್ಲಿ ರೋಸ್‌ಮನ್ ಸೇತುವೆಯ ದುರಸ್ತಿಗೆ ಸುಮಾರು ಒಂದೂವರೆ ಲಕ್ಷ ಡಾಲರ್ ಆಯಿತು. 1995ರಲ್ಲಿ ಹಾಲಿವೆಲ್‌ಗೆ ಎರಡೂಕಾಲು ಲಕ್ಷ. 122 ಅಡಿಯ ಅದು ಆರರಲ್ಲಿ ಅತಿ ಉದ್ದದ್ದು. 1998ರಲ್ಲಿ ಸೀಡರ್‌ಗೆ ಸುಮಾರು 1 ಲಕ್ಷ 28 ಸಾವಿರ. ಸಣ್ಣ ಕೌಂಟಿಗೆ ಇದು ಸಣ್ಣ ದುಡ್ಡಲ್ಲ. 1970ರಿಂದ ಪ್ರತಿ ಅಕ್ಟೋಬರ್‌ನಲ್ಲಿ ವಿಂಟರ್‌ಸೆಟ್‌ನಲ್ಲಿ ಸೇತುವೆಗಳ ಹೆಸರಲ್ಲಿ ಹಬ್ಬ ಮಾಡುತ್ತಾರೆ. ಗಮನಿಸಿ, ಹಬ್ಬ ಶುರುವಾದದ್ದು ಪಟ್ಟಿಗಿಂತ ಆರು ವರ್ಷ ಮೊದಲು, ಕಾದಂಬರಿಗಿಂತ 22 ವರ್ಷ ಮೊದಲು. ಊರಿನ ಪ್ರೀತಿ ಮೊದಲು, ಸರ್ಕಾರದ ಮೊಹರು ಆಮೇಲೆ, ಹಾಲಿವುಡ್ ಕೊನೆಗೆ.

ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. 1976ರ ಪಟ್ಟಿಯಲ್ಲಿ ಮೆಕ್‌ಬ್ರೈಡ್ ಎಂಬ ಏಳನೆಯ ಸೇತುವೆಯೂ ಇತ್ತು. 1983ರಲ್ಲಿ ಅದಕ್ಕೆ ಬೆಂಕಿ ಇಟ್ಟರು, ಹೋಯಿತು. ಸೀಡರ್ ಸೇತುವೆಗೆ 2002ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಇಟ್ಟರು. ಲಕ್ಷಾಂತರ ಡಾಲರ್ ಸುರಿದು ದುರಸ್ತಿ ಮಾಡಿ ನಾಲ್ಕೇ ವರ್ಷವಾಗಿತ್ತು. ಸಿನಿಮಾದಲ್ಲಿ ನಾಯಕಿಯ ಮನೆಯಾಗಿದ್ದ ಹಳೆಯ ಫಾರ್ಮ್‌ಹೌಸಿಗೂ 2003ರಲ್ಲಿ ಬೆಂಕಿ ಬಿತ್ತು. ಬೇಲಿಯೂ ಇಲ್ಲದೆ ಹೊಲಗಳ ನಡುವೆ ನಿಂತ ಮರದ ಕಟ್ಟಡವನ್ನು ರಾತ್ರಿ ಹೊತ್ತು ಯಾವ ಪಟ್ಟಿ ಕಾಯುತ್ತದೆ ಹೇಳಿ?

ಆಮೇಲೆ ನಡೆದದ್ದು ನನಗೆ ತುಂಬಾ ಮುಖ್ಯ ಅನ್ನಿಸಿತು. ಸುಟ್ಟ ಸೀಡರ್ ಸೇತುವೆಯ ಹೆಸರನ್ನು ರಾಷ್ಟ್ರೀಯ ಪಟ್ಟಿಯಿಂದ ತೆಗೆದರು. ನಿಯಮ ನಿಯಮವೇ, ವಸ್ತುವೇ ಇಲ್ಲವೆಂದ ಮೇಲೆ ಹೆಸರು ಯಾಕೆ? ಆದರೆ ಊರಿನವರು ಹಳೆಯ ನಕ್ಷೆ ಹಿಡಿದು 2004ರಲ್ಲಿ ಅದೇ ಜಾಗದಲ್ಲಿ ಅದೇ ಅಳತೆಯಲ್ಲಿ ಮತ್ತೆ ಕಟ್ಟಿದರು. 2017ರ ಏಪ್ರಿಲ್‌ನಲ್ಲಿ ಮತ್ತೆ ಬೆಂಕಿ. ಈ ಸಲ ಸಿಕ್ಕಿಬಿದ್ದವರು ಹದಿಹರೆಯದವರು. ಊರಿನವರು 2019ರಲ್ಲಿ ಮೂರನೇ ಸಲ ಕಟ್ಟಿ ನಿಲ್ಲಿಸಿದರು. ನಾವು ಮೂವರು ನಿಂತಿದ್ದು ಅದರ ಮೇಲೆ.

ಹಾಗಾಗಿ ಹುಡುಗನ ಪ್ರಶ್ನೆ ಸಣ್ಣದಲ್ಲ. ಪಟ್ಟಿಯನ್ನು ಕೇಳಿದರೆ “ಇದು 1883ರದ್ದಲ್ಲ” ಅನ್ನುತ್ತದೆ. ಅದು ಸತ್ಯ. ಬೆಂಟನ್ ಜೋನ್ಸ್ ಎಂಬ ಕಟ್ಟುಗ ಹತ್ತೊಂಬತ್ತನೇ ಶತಮಾನದಲ್ಲಿ ಮುಟ್ಟಿದ ತೊಲೆ ಈಗ ಬೂದಿ, ಅದು ವಾಪಸು ಬರುವುದಿಲ್ಲ. ಪ್ರತಿ ಕಟ್ಟಿ ಅದನ್ನೇ ಹಳೆಯದು ಎಂದು ತೋರಿಸಿದರೆ ಅದು ಮೋಸ. ಈ ವಿಷಯದಲ್ಲಿ ಪಟ್ಟಿಯ ಕಟ್ಟುನಿಟ್ಟು ನನಗೆ ಇಷ್ಟವಾಯಿತು. ಆದರೆ ಊರಿನವರನ್ನು ಕೇಳಿದರೆ? ಎರಡು ಸಲ ಸುಟ್ಟದ್ದನ್ನು ಎರಡೂ ಸಲ ಕಟ್ಟಿದರು ಎಂದರೆ ಅವರ ಉತ್ತರ ಗೊತ್ತಾಗುತ್ತದೆ. ಕಾಂಕ್ರೀಟ್ ಹಾಕಿ ಕೈತೊಳೆದುಕೊಳ್ಳಬಹುದಿತ್ತಲ್ಲ? ನನಗನ್ನಿಸುವುದು, ಸೇತುವೆ ಹೊಸದು, ಕಟ್ಟುವ ಹಟ ಹಳೆಯದು. ಹಲಗೆ ಹಾಳಾದರೆ ಬದಲಿಸು ಎಂಬ ಆ ಮೊದಲಿನ ಲೆಕ್ಕವನ್ನೇ ಅವರು ಇಡೀ ಸೇತುವೆಗೆ ಅನ್ವಯಿಸಿದರು ಅಷ್ಟೇ.

ಇಲ್ಲೊಂದು ಮಾತು ಹೇಳದೆ ಹೋದರೆ ಲೆಕ್ಕ ಅರ್ಧವಾಗುತ್ತದೆ. ಕಲ್ಲಿನ ಮನೆಗಳನ್ನು ಪಟ್ಟಿಗೆ ಸೇರಿಸಿದಾಗ ಕೊಟ್ಟ ಶೀರ್ಷಿಕೆಯಲ್ಲಿ “ನೆಲೆಸಿದ ಕಾಲ” ಎಂಬ ಮಾತಿದೆ. ಯಾರು ನೆಲೆಸಿದ ಕಾಲ? ಬಿಳಿಯ ರೈತರು. ಅದಕ್ಕೂ ಮೊದಲು ಅದು ಸಾಕ್ ಮತ್ತು ಮೆಸ್ಕ್ವಾಕಿ ಜನರ ನೆಲ. 1842ರ ಒಪ್ಪಂದದಲ್ಲಿ ಅವರು ಆ ನೆಲ ಬಿಟ್ಟುಕೊಡಬೇಕಾಯಿತು. ಅವರ ಮನೆಗಳು ಮರದ ಗಳುವಿನ ಮೇಲೆ ತೊಗಟೆ, ಚಾಪೆ ಹೊದಿಸಿದವು. ಕಲ್ಲಿನಂತೆ ಉಳಿಯುವುದಿಲ್ಲ, ಹಾಗಾಗಿ ಕಲ್ಲಿನ ಮನೆಗಳ ಪಟ್ಟಿಯಲ್ಲಿ ಕಾಣುವುದೂ ಇಲ್ಲ. ಮೆಸ್ಕ್ವಾಕಿ ಜನ 1857ರಲ್ಲಿ ಅದೇ ಅಯೋವಾದ ಟಾಮಾ ಕೌಂಟಿಯಲ್ಲಿ ದುಡ್ಡು ಕೊಟ್ಟು 80 ಎಕರೆ ಕೊಂಡುಕೊಂಡರು. ಇವತ್ತಿಗೂ ಅಲ್ಲಿದ್ದಾರೆ. ತಮ್ಮ ನೆಲವನ್ನೇ ದುಡ್ಡು ಕೊಟ್ಟು ಕೊಂಡುಕೊಂಡವರು! ಯಾವ ಪಟ್ಟಿಯೇ ಆಗಲಿ, ಗಟ್ಟಿ ವಸ್ತುವಿನಲ್ಲಿ ಕಟ್ಟಿದವರ ಕಡೆಗೇ ಸ್ವಲ್ಪ ವಾಲಿರುತ್ತದೆ. ನಮ್ಮಲ್ಲೂ ಕಲ್ಲಿನ ದೇವಸ್ಥಾನ ಉಳಿಯಿತು, ಮುಳಿಹುಲ್ಲಿನ ಗುಡಿಸಲು ಉಳಿಯಲಿಲ್ಲ. ಹಳೆಯ ಕಟ್ಟಡಗಳನ್ನು ಕಂಡು ಕಣ್ಣು ತುಂಬಿಕೊಳ್ಳುವಾಗ ಇದೂ ನೆನಪಿರಲಿ.

ಈಗ ನನ್ನ ಕತೆ. ಸೇತುವೆಯ ಮಾಡಿನ ಲೆಕ್ಕ ಕೇಳಿ ನಾನು ಯಾಕೆ ಸುಮ್ಮನಾದೆ ಅಂದರೆ..

ಕುಂದಾಪುರದ ಹತ್ತಿರ ನಮ್ಮದೊಂದು ಮನೆಯಿತ್ತು. ಅಜ್ಜನ ಕಾಲದ್ದು. ಮುರಕಲ್ಲಿನ ಗೋಡೆ, ಹಲಸಿನ ಮರದ ಕಂಬಗಳ ಚಾವಡಿ, ಮಂಗಳೂರು ಹೆಂಚಿನ ಮಾಡು. ಅಪ್ಪ ಇರುವವರೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಜನ ಹಿಡಿದು, ಒಡೆದ ಹೆಂಚು ತೆಗೆಸಿ ಹೊಸದು ಹಾಕಿಸುತ್ತಿದ್ದರು. ಅಪ್ಪನ ನಂತರ ಅಮ್ಮ ಒಬ್ಬಳೇ. ಅಮ್ಮ ಹೋದ ಮೇಲೆ ಬೀಗ. ನಾವು ಮೂವರು ಅಣ್ಣತಮ್ಮಂದಿರು ಮುಂಬಯಿ, ಬೆಂಗಳೂರು, ಪುಣೆ ಎಂದು ಹಂಚಿಹೋಗಿದ್ದೆವು. ಊರಲ್ಲಿ ಮನೆ ನೋಡಿಕೊಳ್ಳುತ್ತಿದ್ದವರು ಒಂದು ಮೇ ತಿಂಗಳಲ್ಲಿ ಫೋನ್ ಮಾಡಿ, “ಹೆಂಚು ಬದಲಿಸ್ಬೇಕಿತ್ತು, ಹದಿನೆಂಟು ಸಾವಿರ ಆಗ್ತದೆ” ಅಂದರು. ನಾನು “ಅಣ್ಣನನ್ನು ಕೇಳಿ” ಅಂದೆ. ಅಣ್ಣ “ತಮ್ಮನನ್ನು ಕೇಳಿ” ಅಂದ. ಮೂವರ ಹತ್ತಿರವೂ ಹದಿನೆಂಟು ಸಾವಿರ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮ ವಾದ ಏನೆಂದರೆ, ಯಾರೂ ಇಲ್ಲದ ಮನೆಗೆ ದುಡ್ಡು ಯಾಕೆ ಅಂತ. ಅದರ ಮುಂದಿನ ವರ್ಷವೂ ಅದೇ. ಆಮೇಲೆ ಅವರು ಫೋನ್ ಮಾಡುವುದನ್ನು ನಿಲ್ಲಿಸಿದರು.

ನಾಲ್ಕು ಮಳೆಗಾಲ ಸಾಕಾಯಿತು. ಐದನೇ ವರ್ಷ ಹೋಗಿ ನೋಡಿದರೆ ಮಾಡಿನ ಜಂತಿಗಳು ಕೊಳೆತು, ಒಂದು ಮೂಲೆ ಕುಸಿದು, ಚಾವಡಿಯ ಕಂಬಕ್ಕೆ ಗೆದ್ದಲು ಹತ್ತಿತ್ತು. ದುರಸ್ತಿಯ ಅಂದಾಜು ಕೇಳಿದೆವು, ಹನ್ನೊಂದು ಲಕ್ಷ. ಆಗ ಮೂವರೂ ಒಟ್ಟಿಗೆ ಕೂತು, “ಇನ್ನು ಆಗುವುದಿಲ್ಲ, ಕೆಡವಿಸೋಣ” ಎಂದು ಒಂದೇ ದನಿಯಲ್ಲಿ ತೀರ್ಮಾನಿಸಿದೆವು. ಒಗ್ಗಟ್ಟು ಬಂದದ್ದು ಅವತ್ತೇ ನೋಡಿ! ಕಂಬ, ಬಾಗಿಲುಗಳನ್ನು ಹಳೆ ಮರದ ವ್ಯಾಪಾರಿ ಲಾರಿಯಲ್ಲಿ ಒಯ್ದ.

ಆಮೇಲೆ ವರ್ಷಗಟ್ಟಲೆ ನಾನು ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದ್ದು ಏನು ಗೊತ್ತೇ? “ನಮ್ಮ ದೇಶದಲ್ಲಿ ಹಳೆ ಮನೆಗಳಿಗೆ ಸರ್ಕಾರದ ರಕ್ಷಣೆ ಇಲ್ಲ ಮಾರಾಯ್ರೆ.” ಎಷ್ಟು ಅನುಕೂಲದ ಮಾತು! ಮ್ಯಾಡಿಸನ್ ಕೌಂಟಿಯ ಸೇತುವೆಯ ಮೇಲೆ ನಿಂತಾಗ ಆ ಮಾತು ನನ್ನ ಬಾಯಿಂದ ಜಾರಿಹೋಯಿತು. ಅಗ್ಗದ ಹಲಗೆ ಬದಲಿಸುತ್ತಿದ್ದರೆ ದುಬಾರಿ ತೊಲೆ ಉಳಿಯುತ್ತದೆ ಎನ್ನುವುದನ್ನು ಕಲಿಯಲು ನಾನು ಅಯೋವಾಕ್ಕೆ ಹೋಗಬೇಕಿರಲಿಲ್ಲ. ಅಪ್ಪ ಪ್ರತಿ ಮೇ ತಿಂಗಳಲ್ಲಿ ಮಾಡಿ ತೋರಿಸಿದ್ದರು.

ಹಾಗಂತ ಕಾನೂನು ಬೇಡ ಅನ್ನುತ್ತಿಲ್ಲ. ಪಟ್ಟಿಯೂ ಬೇಕು, ಅದರಲ್ಲೂ ಹಳ್ಳಿಯ ಸಾಮಾನ್ಯ ಕಟ್ಟಡಗಳನ್ನು ಎಣಿಸುವ ಪಟ್ಟಿ ನಮ್ಮಲ್ಲಿ ಖಂಡಿತ ಬೇಕು. ಎಣಿಸಿದರೆ ತಾನೆ ಕಳೆದುಹೋದದ್ದು ಗೊತ್ತಾಗುವುದು? ಆದರೆ ಪಟ್ಟಿ ಬರುವ ತನಕ ಕಾಯುತ್ತೇನೆ ಎನ್ನುವುದು ನೆವ. ಪಟ್ಟಿ ಬಂದರೂ ಮಾಡಿನ ಮೇಲೆ ಯಾರಾದರೂ ಹತ್ತಲೇಬೇಕು.

ನಮ್ಮ ಹಾಗೆ ಪರವೂರು ಸೇರಿದವರಲ್ಲಿ ಬಹಳ ಜನರಿಗೆ ಊರಲ್ಲಿ ಇನ್ನೂ ಬೀಗ ಹಾಕಿದ ಮನೆ ಇದೆ. ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಕೈ ಸುಟ್ಟುಕೊಂಡವನಾಗಿ ಎರಡು ಮಾತು. ಒಂದು, ಅಣ್ಣತಮ್ಮಂದಿರು ಸೇರಿ ಮಾಡಿಗೆಂದೇ ಒಂದು ಬ್ಯಾಂಕ್ ಖಾತೆ ತೆರೆಯಿರಿ. ಮನೆ ಯಾರ ಪಾಲಿಗೆ ಎನ್ನುವ ಜಗಳ ಆಮೇಲೆ ಮಾಡಬಹುದು, ಜಗಳಕ್ಕಾದರೂ ಮನೆ ಇರಬೇಕಲ್ಲ! ಎರಡು, ಮನೆಯ ನಕ್ಷೆ ಬರೆಸಿಡಿ, ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಸೀಡರ್ ಸೇತುವೆಯನ್ನು ಮತ್ತೆ ಕಟ್ಟಲು ಸಾಧ್ಯವಾದದ್ದು ಹಳೆಯ ನಕ್ಷೆ ಇದ್ದದ್ದರಿಂದ. ನಮ್ಮ ಚಾವಡಿಯ ಉದ್ದ ಎಷ್ಟಿತ್ತು ಎಂದು ನಮ್ಮ ಮೂವರಲ್ಲಿ ಒಬ್ಬನಿಗೂ ಈಗ ಗೊತ್ತಿಲ್ಲ. ಅಣ್ಣ ಹದಿನೆಂಟು ಅಡಿ ಅನ್ನುತ್ತಾನೆ, ತಮ್ಮ ಇಪ್ಪತ್ತನಾಲ್ಕು ಅನ್ನುತ್ತಾನೆ.

ಹುಡುಗನಿಗೆ ಕೊನೆಗೆ ನಾನು ಹೇಳಿದ್ದು ಇಷ್ಟೇ. “ಸುಟ್ಟುಹೋದದ್ದು ರಿಯಲ್. ಮತ್ತೆ ಕಟ್ಟಿದ್ದೂ ರಿಯಲ್.” ಅವನಿಗೆ ಸಮಾಧಾನವಾಗಲಿಲ್ಲ. ಸ್ವಲ್ಪ ಹೊತ್ತು ಹಲಗೆಯನ್ನು ಬೆರಳಿನಿಂದ ಕುಟ್ಟಿ ನೋಡಿ, “ನಮ್ಮ ಇಂಡಿಯಾ ಮನೆನೂ ಹೀಗೆ ಕಟ್ಬೋದಾ ಅಜ್ಜಾ?” ಅಂದ.

ಅವನ ಅಮ್ಮ ನನ್ನ ಮುಖ ನೋಡಿದಳು. ನಾನು ಹೊಳೆ ನೋಡಿದೆ.